ಬೆವರು, ನಾಡಿ, ಚಿತ್ರ: ಭಾವನೆಯಿಂದ ಚಿತ್ರ ಹುಟ್ಟಿಸುವ ಕಲಾಯೋಜನೆಗಳ ಕುರಿತು

ಸಭಿಕರೆ,

ಮನುಷ್ಯನ ಭಾವನೆಯನ್ನು ಕಂಪ್ಯೂಟರಿನ ಮೂಲಕ ಚಿತ್ರವಾಗಿಸುವ ಕಲಾಯೋಜನೆಯನ್ನು ಹೇಗೆ ಕಟ್ಟಬೇಕು ಎಂಬುದು ಇಂದು ನನಗೆ ಕೊಟ್ಟಿರುವ ವಿಷಯ. ಇಂಥ ಯೋಜನೆಗಳ ಬಗ್ಗೆ ಬರುವ ವಿವರಣೆಗಳು ಬಹುಪಾಲು ಒಂದೇ ರೀತಿ ಇರುತ್ತವೆ. ನೋಡುಗರ ತಲೆಗೋ ಬೆರಳಿಗೋ ಒಂದು ಸೆನ್ಸರ್ ಕಟ್ಟುತ್ತಾರೆ, ಅದು ಅವರ ಭಾವನೆಯನ್ನು ಓದುತ್ತದೆ, ಕೃತಕ ಬುದ್ಧಿಮತ್ತೆ ಆ ಭಾವನೆಯನ್ನು ಚಿತ್ರವಾಗಿ ಬರೆದುಕೊಡುತ್ತದೆ. ಸೆನ್ಸರ್ ಕಟ್ಟುವುದು ನಿಜ, ಚಿತ್ರ ಹುಟ್ಟುವುದೂ ನಿಜ; ನಡುವಿನ ಮಾತು ಮಾತ್ರ ನಿಜವಲ್ಲ. ಸೆನ್ಸರಿಗೆ ಸಿಗುವುದು ಬೆವರು, ನಾಡಿ, ತಲೆಯ ಮೇಲ್ಮೈಯಲ್ಲಿ ಹರಿಯುವ ಅತಿ ಸಣ್ಣ ವಿದ್ಯುತ್ತು. ಈ ಅಂಕಿಗಳಿಂದ ಬಣ್ಣದ ಕಡೆಗೆ, ಆಕಾರದ ಕಡೆಗೆ ಹೋಗುವ ದಾರಿಯನ್ನು ಯಾರೋ ಒಬ್ಬರು ಕುಳಿತು ಮೊದಲೇ ಹಾಕಿರುತ್ತಾರೆ. ಆ ದಾರಿ ಹಾಕುವ ಕೆಲಸವೇ ಇಲ್ಲಿನ ಕಲೆ, ಅದನ್ನು ಮುಚ್ಚಿಡುವ ಯೋಜನೆ ಎಷ್ಟು ಚೆಂದವಾಗಿ ಕಂಡರೂ ದುರ್ಬಲ ಎಂಬುದು ನನ್ನ ವಾದ.

ಇದಕ್ಕೆ ಒಳ್ಳೆಯ ನಿದರ್ಶನವೊಂದು ಕೃತಕ ಬುದ್ಧಿಮತ್ತೆಯ ಚಿತ್ರಗಳ ಕಾಲಕ್ಕಿಂತ ಹಿಂದೆಯೇ ಇದೆ, ಅದೂ ಸಂಗೀತದ ವಲಯದಲ್ಲಿ. 1965ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ರೋಸ್ ಕಲಾ ಸಂಗ್ರಹಾಲಯದಲ್ಲಿ ಸಂಗೀತಗಾರ ಆಲ್ವಿನ್ ಲೂಸಿಯರ್ ತಲೆಗೆ ಎಲೆಕ್ಟ್ರೋಡುಗಳನ್ನು ಅಂಟಿಸಿಕೊಂಡು, ಕಣ್ಣು ಮುಚ್ಚಿ, ಅಲುಗಾಡದೆ ಕುಳಿತರು. ಮಿದುಳಿನ ಆಲ್ಫಾ ತರಂಗಗಳು, ಎಂದರೆ ಸೆಕೆಂಡಿಗೆ ಸುಮಾರು 8ರಿಂದ 13 ಸಲ ಏರಿಳಿಯುವ ಅಲೆಗಳು, ವರ್ಧಕಗಳ ಮೂಲಕ ಹಾದು ಧ್ವನಿವರ್ಧಕಗಳನ್ನು ಅದುರಿಸಿದವು. ಧ್ವನಿವರ್ಧಕಗಳಿಗೆ ತಾಗಿಸಿಟ್ಟಿದ್ದ ಚರ್ಮವಾದ್ಯಗಳೂ ಜಾಗಟೆಗಳೂ ಆ ಅದುರಿಗೆ ನುಡಿದವು. ಆಲ್ಫಾ ತರಂಗ ಮನುಷ್ಯನ ಕಿವಿಗೆ ಕೇಳಿಸದಷ್ಟು ನಿಧಾನದ್ದು, ಆದ್ದರಿಂದ ಸಭೆಗೆ ಕೇಳಿಸಿದ್ದು ಮಿದುಳಲ್ಲ, ವಾದ್ಯ. ಇನ್ನೂ ಸ್ವಾರಸ್ಯದ ಸಂಗತಿ ಎಂದರೆ ಆಲ್ಫಾ ತರಂಗ ಬಲವಾಗಿ ಬರುವುದು ಕಣ್ಣು ಮುಚ್ಚಿ ಮನಸ್ಸು ಸಡಿಲವಾದಾಗ. ಕಣ್ಣು ತೆರೆದರೆ, ಏನನ್ನಾದರೂ ಗಮನವಿಟ್ಟು ಕಲ್ಪಿಸಿಕೊಂಡರೆ ಅದು ಕುಗ್ಗಿಹೋಗುತ್ತದೆ. ಹೀಗಾಗಿ ಸಂಗೀತ ಬರಬೇಕಾದರೆ ಸಂಗೀತಗಾರ ಸಂಗೀತ ಬರಿಸಲು ಪ್ರಯತ್ನಿಸಕೂಡದು. ಈ ಕೃತಿ ಸಂತೋಷವನ್ನೋ ದುಃಖವನ್ನೋ ಕೇಳಿಸುತ್ತದೆ ಎಂಬ ಹೇಳಿಕೆಯ ಮೇಲೆ ನಿಂತಿಲ್ಲ. ಗೊತ್ತಿರುವ ಒಂದು ಸಂಕೇತವನ್ನು ಗೊತ್ತಿರುವ ಒಂದು ವಾದ್ಯಕ್ಕೆ ಎಲ್ಲರ ಕಣ್ಣೆದುರಿನಲ್ಲೇ ಜೋಡಿಸಿದ ಪ್ರಾಮಾಣಿಕತೆಯೇ ಅದನ್ನು ಇಂದಿಗೂ ಉಳಿಸಿದೆ ಎಂದು ನನಗನ್ನಿಸುತ್ತದೆ.

ಲೂಸಿಯರ್ ಬಳಸಿದ ತಂತ್ರದ ಮೂಲಪುರುಷ ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್. ಮನುಷ್ಯನ ತಲೆಯಿಂದ ವಿದ್ಯುತ್ ಅಲೆಗಳನ್ನು ಮೊದಲು ದಾಖಲಿಸಿದ್ದು ಅವರು, 1924ರಲ್ಲಿ. ಅದನ್ನು ಪ್ರಕಟಿಸಿದ್ದು 1929ರಲ್ಲಿ. ಒಬ್ಬರ ಮನಸ್ಸಿನಿಂದ ಇನ್ನೊಬ್ಬರ ಮನಸ್ಸಿಗೆ ಸಂದೇಶ ನೇರವಾಗಿ ಹೋಗಬಲ್ಲದೇ ಎಂಬ ಕುತೂಹಲವೇ ಅವರನ್ನು ಈ ಸಂಶೋಧನೆಗೆ ಎಳೆದದ್ದು. ಆ ಕುತೂಹಲಕ್ಕೆ ಉತ್ತರ ಸಿಗಲಿಲ್ಲ, ಇಇಜಿ ಸಿಕ್ಕಿತು, ಎಂದರೆ ಮಿದುಳಿನ ವಿದ್ಯುತ್ ಅಲೆಗಳನ್ನು ತಲೆಯ ಹೊರಗಿನಿಂದ ದಾಖಲಿಸುವ ವಿಧಾನ. ನೂರು ವರ್ಷಗಳ ಬಳಿಕವೂ ಭಾವನೆಯಿಂದ ಚಿತ್ರ ತೆಗೆಯುವ ಯೋಜನೆಗಳ ಹಿಂದೆ ಅದೇ ಹಳೆಯ ಆಸೆ ಕೆಲಸ ಮಾಡುತ್ತಿದೆ.

ನಮ್ಮ ಕಾಲದಲ್ಲಿ ಈ ಬಗೆಯ ಕೃತಿಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಟರ್ಕಿ ಮೂಲದ ಕಲಾವಿದ ರೆಫಿಕ್ ಅನಡೋಲ್ ಅವರು 2018ರಲ್ಲಿ ಇಸ್ತಾಂಬುಲಿನ ಗ್ಯಾಲರಿಯೊಂದರಲ್ಲಿ ತೋರಿಸಿದ 'ಮೆಲ್ಟಿಂಗ್ ಮೆಮೊರೀಸ್'. ಅವರ ಚಿಕ್ಕಪ್ಪ-ಮಾವಂದಿರಲ್ಲಿ ಒಬ್ಬರಿಗೆ ಆಲ್‌ಜೈಮರ್ಸ್ ಬಂದದ್ದು ಈ ಕೃತಿಗೆ ಪ್ರೇರಣೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಫ್ರಾನ್ಸಿಸ್ಕೋ ಶಾಖೆಯ ನ್ಯೂರೋಸ್ಕೇಪ್ ಪ್ರಯೋಗಾಲಯದ ನೆರವಿನಿಂದ, ಜನರು ತಮ್ಮ ಹಳೆಯ ನೆನಪೊಂದರ ಮೇಲೆ ಮನಸ್ಸಿಟ್ಟು ಕುಳಿತಾಗ ಅವರ ಇಇಜಿ ದತ್ತಾಂಶವನ್ನು ಸಂಗ್ರಹಿಸಿದರು. ಆ ದತ್ತಾಂಶಕ್ಕೆ ತಕ್ಕಂತೆ ಅಲೆಯಂಥ, ಸುಣ್ಣದ ಗಾರೆಯಂಥ, ಹೂವಿನ ಪಕಳೆಯಂಥ ಉಬ್ಬುತಗ್ಗುಗಳು ದೊಡ್ಡ ಎಲ್‌ಇಡಿ ಗೋಡೆಯ ಮೇಲೆ ಸದಾ ಹೊರಳುತ್ತಿದ್ದವು. ನೋಡಲು ಮೋಹಕವಾದ ಕೃತಿ, ಅದರಲ್ಲಿ ಸಂಶಯವಿಲ್ಲ. ಆದರೆ ಅದರ ಮುಂದೆ ನಿಂತವರಿಗೆ ಇದು ಯಾರ ನೆನಪು, ಅಲೆಯ ಯಾವ ಗುಣ ಯಾವ ಉಬ್ಬನ್ನು ಎಬ್ಬಿಸಿತು ಎಂಬುದು ಚಿತ್ರದಿಂದ ತಿಳಿಯುವುದಿಲ್ಲ. ಅದೇ ಗೋಡೆಗೆ ಇಇಜಿಯ ಬದಲು ಗಾಳಿಯ ವೇಗದ ದತ್ತಾಂಶವನ್ನು ಕೊಟ್ಟಿದ್ದರೂ ಅಷ್ಟೇ ಮೋಹಕವಾದ ಅಲೆ ಏಳಬಹುದಿತ್ತು. ಮೆಕ್ಸಿಕೋ ಮೂಲದ ಕಲಾವಿದ ರಫಾಯೆಲ್ ಲೊಸಾನೊ-ಹೆಮ್ಮರ್ ಅವರ 2006ರ 'ಪಲ್ಸ್ ರೂಮ್' ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನದು. ಅಲ್ಲಿರುವುದು ಕೋಣೆಯ ತುಂಬ ತೂಗುಬಿಟ್ಟ ಹಳೆಯ ಮಾದರಿಯ ಬಲ್ಬುಗಳು, ಮತ್ತು ಕೈಯಿಂದ ಹಿಡಿದುಕೊಳ್ಳುವ ಒಂದು ಸೆನ್ಸರ್. ಹಿಡಿದವರ ನಾಡಿ ಮಿಡಿದ ಹಾಗೆ ಒಂದು ಬಲ್ಬು ಮಿನುಗುತ್ತದೆ. ಮುಂದಿನವರು ಬಂದು ಹಿಡಿದಾಗ ಹಿಂದಿನವರ ಮಿಡಿತ ಪಕ್ಕದ ಬಲ್ಬಿಗೆ ಸರಿಯುತ್ತದೆ. ಹೀಗೆ ಸರಿಯುತ್ತ ಸರಿಯುತ್ತ ಎಲ್ಲರಿಗಿಂತ ಹಳೆಯ ಮಿಡಿತ ಸಾಲಿನ ತುದಿಯಲ್ಲಿ ಅಳಿಸಿಹೋಗುತ್ತದೆ. ಭಾವನೆಯ ಹೆಸರನ್ನೇ ಎತ್ತದ ಈ ಕೃತಿ ನೋಡುಗರಲ್ಲಿ ಎಬ್ಬಿಸುವ ಭಾವನೆ ಸಣ್ಣದಲ್ಲ.

ಇನ್ನು ಕಟ್ಟುವ ಕೆಲಸಕ್ಕೆ ಬರೋಣ. ಇಂದು ಕಲಾವಿದರ ಕೈಗೆಟುಕುವ ಸೆನ್ಸರುಗಳು ಮುಖ್ಯವಾಗಿ ಮೂರು ಬಗೆಯವು: ಚರ್ಮದ ವಿದ್ಯುತ್ ವಾಹಕತೆಯನ್ನು ಅಳೆಯುವಂಥದು, ಬೆಳಕಿನಿಂದ ನಾಡಿ ಹಿಡಿಯುವಂಥದು, ಮತ್ತು ತಲೆಪಟ್ಟಿಯ ರೂಪದ ಇಇಜಿ. ಬೆರಳಿನ ಬೆವರುಗ್ರಂಥಿಗಳು ನಮ್ಮ ಇಚ್ಛೆಗೆ ಒಳಪಡದ ನರವ್ಯೂಹದ ಅಧೀನದಲ್ಲಿರುವುದರಿಂದ, ಮನಸ್ಸು ಕದಡಿದಾಗ ಕಣ್ಣಿಗೆ ಕಾಣದಷ್ಟು ಬೆವರು ಒಸರಿ ಚರ್ಮದ ವಾಹಕತೆ ಏರುತ್ತದೆ. ಪ್ರಚೋದನೆ ಸಿಕ್ಕ 1ರಿಂದ 3 ಸೆಕೆಂಡುಗಳಲ್ಲಿ ಈ ಏರಿಕೆ ಶುರುವಾಗಿ ನಿಧಾನವಾಗಿ ಇಳಿಯುತ್ತದೆ. ಇದು ನಂಬಿಕಸ್ತ ಅಳತೆ, ಆದರೆ ಅದರ ಮಿತಿಯನ್ನು ಮರೆಯಬಾರದು. ಮನೆಯ ಕರೆಂಟ್ ಮೀಟರ್ ಎಷ್ಟು ಯೂನಿಟ್ ಉರಿಯಿತೆಂದು ಹೇಳುತ್ತದೆಯೇ ಹೊರತು ಆ ಕರೆಂಟಿನಲ್ಲಿ ಮಗು ಓದಿತೋ ದೋಸೆಹಿಟ್ಟು ರುಬ್ಬಿತೋ ಎಂದು ಹೇಳುವುದಿಲ್ಲ. ಚರ್ಮದ ವಾಹಕತೆಯೂ ಹಾಗೆಯೇ, ಭಯಕ್ಕೂ ಏರುತ್ತದೆ, ಮಗಳ ಮದುವೆ ನಿಶ್ಚಯವಾದ ಸಂತೋಷಕ್ಕೂ ಏರುತ್ತದೆ, ಪಕ್ಕದಲ್ಲಿ ಯಾರೋ ಬಾಗಿಲು ಬಡಿದರೂ ಏರುತ್ತದೆ.

ಮನಶ್ಶಾಸ್ತ್ರಜ್ಞ ಜೇಮ್ಸ್ ರಸೆಲ್ 1980ರಲ್ಲಿ ಮಂಡಿಸಿದ ಮಾದರಿಯ ಭಾಷೆಯಲ್ಲಿ ಇದನ್ನು ಇನ್ನಷ್ಟು ಸ್ಪಷ್ಟವಾಗಿ ಹೇಳಬಹುದು. ಆತ ಭಾವನೆಗಳನ್ನು ಎರಡು ಅಕ್ಷಗಳ ಮೇಲೆ ವೃತ್ತಾಕಾರವಾಗಿ ಇಟ್ಟ: ಒಂದು ಹಿತ–ಅಹಿತದ ಅಕ್ಷ, ಇನ್ನೊಂದು ಉದ್ವೇಗದ ಏರಿಳಿತದ ಅಕ್ಷ. ಸಿಟ್ಟು ಮತ್ತು ಹಿಗ್ಗು ಎರಡೂ ಉದ್ವೇಗದ ಅಕ್ಷದಲ್ಲಿ ಮೇಲೆಯೇ ಇವೆ. ಅವನ್ನು ಬೇರ್ಪಡಿಸುವುದು ಹಿತ–ಅಹಿತದ ಅಕ್ಷ. ಬೆವರು ಕೊಡುವುದು ಎರಡನೆಯ ಅಕ್ಷವನ್ನು ಮಾತ್ರ. ಮೊದಲ ಅಕ್ಷಕ್ಕಾಗಿ ಅನೇಕ ಯೋಜನೆಗಳು ಇಇಜಿಯ ಮೊರೆ ಹೋಗುತ್ತವೆ. ಹಣೆಯ ಎಡಬದಿ ಮತ್ತು ಬಲಬದಿಯ ಆಲ್ಫಾ ತರಂಗಗಳ ವ್ಯತ್ಯಾಸದಿಂದ ಸುಖ–ದುಃಖವನ್ನು ಅಳೆಯಬಹುದೆಂಬ ಸೂತ್ರ ಬಹಳ ಪ್ರಚಲಿತ. ಆದರೆ ಸಿಟ್ಟು, ಅಹಿತಕರ ಭಾವನೆಯಾಗಿದ್ದರೂ, ಈ ಅಳತೆಯಲ್ಲಿ ಸಂತೋಷದ ಕಡೆಗೇ ಬೀಳುವುದನ್ನು ಸಂಶೋಧಕರು ತೋರಿಸಿದ್ದಾರೆ. ಹಾಗಾಗಿ ಈ ಸೂತ್ರವನ್ನು ಕಣ್ಣುಮುಚ್ಚಿ ನಂಬಿದ ಯಂತ್ರ ಕೋಪದಿಂದ ಕುದಿಯುತ್ತಿರುವ ವ್ಯಕ್ತಿಯ ಮುಂದೆ ಬಿಸಿಲು ಬಿದ್ದ ಹೂದೋಟವನ್ನು ಹರಡಿದರೆ ಆಶ್ಚರ್ಯಪಡಬೇಕಾಗಿಲ್ಲ.

ಪ್ರದರ್ಶನದ ಸಭಾಂಗಣದಲ್ಲಿ ಇಇಜಿಗೆ ಬೇರೆ ತೊಂದರೆಗಳೂ ಇವೆ. ಮಿದುಳಿನ ಅಲೆ ತಲೆಯ ಹೊರಗೆ ತಲುಪುವಾಗ ಕೆಲವು ಹತ್ತು ಮೈಕ್ರೋವೋಲ್ಟುಗಳಷ್ಟೇ ಉಳಿದಿರುತ್ತದೆ. ಕಣ್ಣೆವೆ ಮಿಟುಕಿಸಿದರೆ, ಹಲ್ಲು ಕಚ್ಚಿದರೆ ಅದಕ್ಕಿಂತ ಎಷ್ಟೋ ದೊಡ್ಡ ಸಂಕೇತ ಏಳುತ್ತದೆ. ನಮ್ಮ ದೇಶದ ವಿದ್ಯುತ್ ಜಾಲದ 50 ಹರ್ಟ್ಸ್ ಗುಂಯ್ಗುಡುವಿಕೆ ಎಲ್ಲ ತಂತಿಗಳಿಂದಲೂ ನುಸುಳುತ್ತದೆ, ಅರ್ಥಿಂಗ್ ಸರಿಯಿಲ್ಲದ ಕಟ್ಟಡದಲ್ಲಿ ಇನ್ನೂ ಹೆಚ್ಚು. ದಟ್ಟವಾದ, ಎಣ್ಣೆ ಹಾಕಿ ಬಾಚಿದ ಕೂದಲಿನ ಮೇಲೆ ಒಣ ಎಲೆಕ್ಟ್ರೋಡುಗಳು ಸರಿಯಾಗಿ ಕೂರುವುದಿಲ್ಲ. ಬೆಳಕಿನ ನಾಡಿ ಸೆನ್ಸರುಗಳು ಬಳಸುವ ಹಸಿರು ಬೆಳಕನ್ನು ದಟ್ಟ ಮೈಬಣ್ಣದ ಚರ್ಮ ಹೆಚ್ಚು ಹೀರುವುದರಿಂದ ಅಲ್ಲಿಯೂ ಸಂಕೇತ ಕ್ಷೀಣವಾಗಬಹುದು. ಏಪ್ರಿಲ್ ತಿಂಗಳ ಮಂಗಳೂರಿನ ಸೆಕೆಯಲ್ಲಿ ಎಲ್ಲರ ಬೆರಳೂ ಮೊದಲೇ ಒದ್ದೆ. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ನುಂಗುವವರ ಹೃದಯ ಉದ್ವೇಗಕ್ಕೆ ತಕ್ಕಂತೆ ಓಡುವುದಿಲ್ಲ, ಕೆಲವರ ಚರ್ಮವಂತೂ ಅಷ್ಟಾಗಿ ಸ್ಪಂದಿಸುವುದೇ ಇಲ್ಲ. ಆದ್ದರಿಂದ ಎಲ್ಲರಿಗೂ ಒಂದೇ ಅಳತೆಗೋಲು ಇಡುವುದು ಅನ್ಯಾಯ. ಪ್ರತಿಯೊಬ್ಬರನ್ನೂ ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ, ಅವರದೇ ಶಾಂತಸ್ಥಿತಿಯ ಅಂಕಿಗಳನ್ನು ತೆಗೆದುಕೊಂಡು, ಮುಂದಿನ ಏರಿಳಿತವನ್ನು ಅದಕ್ಕೆ ಹೋಲಿಸಿ ಮಾತ್ರ ಲೆಕ್ಕ ಹಾಕಬೇಕು.

ಕ್ಯಾಮೆರಾದಿಂದ ಮುಖ ನೋಡಿ ಭಾವನೆ ಹೇಳುವ ತಂತ್ರಾಂಶಗಳು ಈ ಎಲ್ಲ ಜಂಜಾಟವಿಲ್ಲದೆ ಸಿಗುತ್ತವಲ್ಲ ಎಂದು ನೀವು ಕೇಳಬಹುದು. ಅವುಗಳ ವಂಶವೃಕ್ಷ ಹಳೆಯದು. ಫ್ರಾನ್ಸಿನ ವೈದ್ಯ ದುಶೆನ್ 1862ರಲ್ಲಿ ಮುಖದ ಸ್ನಾಯುಗಳಿಗೆ ವಿದ್ಯುತ್ ಹಾಯಿಸಿ ನಗು, ಭಯ, ನೋವುಗಳ ಮುಖಭಾವವನ್ನು ಬರಿಸಿ ಛಾಯಾಚಿತ್ರ ತೆಗೆದ; 1872ರಲ್ಲಿ ಡಾರ್ವಿನ್ ಮನುಷ್ಯ ಮತ್ತು ಪ್ರಾಣಿಗಳ ಭಾವಪ್ರದರ್ಶನದ ಮೇಲೆ ಪುಸ್ತಕ ಬರೆದಾಗ ಆ ಛಾಯಾಚಿತ್ರಗಳನ್ನು ಬಳಸಿಕೊಂಡ; ಇಪ್ಪತ್ತನೆಯ ಶತಮಾನದಲ್ಲಿ ಮನಶ್ಶಾಸ್ತ್ರಜ್ಞ ಪಾಲ್ ಎಕ್ಮನ್ ಎಲ್ಲ ಮನುಷ್ಯರಿಗೂ ಸಮಾನವಾದ ಆರು ಮೂಲ ಭಾವನೆಗಳಿವೆ, ಅವು ಮುಖದಲ್ಲಿ ಒಂದೇ ರೀತಿ ಕಾಣುತ್ತವೆ ಎಂದು ವಾದಿಸಿ, 1978ರಲ್ಲಿ ಮುಖದ ಸ್ನಾಯುಚಲನೆಗಳ ಸಂಕೇತಪಟ್ಟಿಯನ್ನು ವಾಲೇಸ್ ಫ್ರೀಸನ್ ಜೊತೆಗೂಡಿ ಪ್ರಕಟಿಸಿದರು. ಇಂದಿನ ತಂತ್ರಾಂಶಗಳು ಬಹುಪಾಲು ಈ ಆರರ ಪಟ್ಟಿಯನ್ನೇ ನೆಚ್ಚಿಕೊಂಡಿವೆ. ಆದರೆ 2019ರಲ್ಲಿ ಮನಶ್ಶಾಸ್ತ್ರಜ್ಞೆ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಂಗಡಿಗರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ, ಮುಖಚಲನೆಯೊಂದರಿಂದಲೇ ಒಳಗಿನ ಭಾವನೆಯನ್ನು ಭರವಸೆಯಿಂದ ಊಹಿಸಲಾಗದು ಎಂಬ ನಿರ್ಣಯಕ್ಕೆ ಬಂದರು. ಮೈಕ್ರೋಸಾಫ್ಟ್ ಕಂಪನಿಯು 2022ರಲ್ಲಿ ತನ್ನ ಮುಖ ಗುರುತಿಸುವ ಸೇವೆಯಿಂದ ಭಾವನೆ ಹೇಳುವ ಸೌಲಭ್ಯವನ್ನು ಹಿಂತೆಗೆಯುವುದಾಗಿ ಘೋಷಿಸಿತು. ವ್ಯಾಪಾರದವರೇ ಕೈಬಿಟ್ಟದ್ದನ್ನು ಕಲಾವಿದರು ಎತ್ತಿಕೊಂಡು ಮುದ್ದಾಡುವುದು ನನಗೆ ಸರಿಕಾಣುವುದಿಲ್ಲ.

ಇಲ್ಲಿ ಭರತನ ನಾಟ್ಯಶಾಸ್ತ್ರವನ್ನು ಸ್ವಲ್ಪ ನೆನೆಯಬೇಕು. ಹಿಂದಿನವರಿಗೆ ಎಲ್ಲವೂ ಗೊತ್ತಿತ್ತು ಎಂದು ಹೇಳುವ ಚಪಲ ನನಗಿಲ್ಲ. ಆದರೆ ಸೆನ್ಸರಿನ ಕೆಲಸ ಮಾಡುವವರಿಗೆ ಆ ಗ್ರಂಥದ ಒಂದು ವಿಂಗಡಣೆ ನಿಜಕ್ಕೂ ಉಪಯುಕ್ತ. ಅಲ್ಲಿ 8 ಸ್ಥಾಯಿಭಾವಗಳು, ಎಂದರೆ ನೆಲೆನಿಲ್ಲುವ ಮೂಲ ಭಾವಗಳು, 33 ವ್ಯಭಿಚಾರಿಭಾವಗಳು, ಎಂದರೆ ಬಂದುಹೋಗುವ ಭಾವಗಳು, ಇವುಗಳ ಜೊತೆಗೆ ಮೈಯಲ್ಲಿ ತಾನಾಗಿ ಕಾಣಿಸಿಕೊಳ್ಳುವ 8 ಸಾತ್ತ್ವಿಕಭಾವಗಳಿವೆ: ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ. ಮೈ ಮರಗಟ್ಟುವುದು, ಬೆವರುವುದು, ರೋಮ ನಿಮಿರುವುದು, ದನಿ ಒಡೆಯುವುದು, ನಡುಗುವುದು, ಬಣ್ಣಗೆಡುವುದು, ಕಣ್ಣೀರು, ಮೂರ್ಛೆ. ಇಂದಿನ ಸೆನ್ಸರುಗಳು ಅಳೆಯುವುದೂ ಇಂಥ ದೇಹಲಕ್ಷಣಗಳನ್ನೇ. ಗಮನಿಸಬೇಕಾದದ್ದು ಏನೆಂದರೆ, ಈ ದೇಹಲಕ್ಷಣಗಳಲ್ಲಿ ಯಾವುದನ್ನೂ ಒಂದೇ ಒಂದು ಸ್ಥಾಯಿಭಾವಕ್ಕೆ ಕಟ್ಟಿಹಾಕಿಲ್ಲ. ಬೆವರು ಕ್ರೋಧದಿಂದಲೂ ಬರುತ್ತದೆ, ಭಯದಿಂದಲೂ ಹರ್ಷದಿಂದಲೂ ಬರುತ್ತದೆ. ಕಣ್ಣೀರು ಆನಂದದಿಂದಲೂ ಹೊಗೆಯಿಂದಲೂ ಬರುತ್ತದೆ. ಯಾವ ಸನ್ನಿವೇಶದಲ್ಲಿ ಬೆವರಿದ ಎಂಬ ವಿಭಾವ ಗೊತ್ತಾಗದೆ ಬೆವರಿಗೆ ಅರ್ಥವಿಲ್ಲ. ಸೆನ್ಸರಿನ ಯೋಜನೆಯಲ್ಲಿ ಕಾಣೆಯಾಗಿರುವುದು ಸರಿಯಾಗಿ ಈ ವಿಭಾವವೇ. ಅದೇ ಗ್ರಂಥದಲ್ಲಿ ರಸಗಳಿಗೆ ಬಣ್ಣಗಳನ್ನೂ ಹೇಳಿದೆ: ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳಿ, ಕರುಣಕ್ಕೆ ಪಾರಿವಾಳದ ಬೂದು, ರೌದ್ರಕ್ಕೆ ಕೆಂಪು, ವೀರಕ್ಕೆ ಗೌರ, ಭಯಾನಕಕ್ಕೆ ಕಪ್ಪು, ಬೀಭತ್ಸಕ್ಕೆ ನೀಲಿ, ಅದ್ಭುತಕ್ಕೆ ಹಳದಿ. ಇದು ಪ್ರಕೃತಿಯ ನಿಯಮವಲ್ಲ, ಒಂದು ಪರಂಪರೆ ಒಪ್ಪಿಕೊಂಡ ಕಟ್ಟಳೆ. ಕಟ್ಟಳೆ ಎಂದು ಗೊತ್ತಿದ್ದೇ ಬಳಸುವುದರಿಂದ ಅದರಲ್ಲಿ ಮೋಸವಿಲ್ಲ. ಕೆಂಪು ಬಣ್ಣದ ಹಿಂದೆ ಕೋಪವನ್ನು ಕಾಣುವ ಇಂದಿನ ಪ್ರೋಗ್ರಾಮಿನಲ್ಲಿಯೂ ಇಂಥದೇ ಕಟ್ಟಳೆಯಿದೆ, ಆದರೆ ಅದನ್ನು ಕಟ್ಟಳೆಯೆಂದು ಯಾರೂ ಹೇಳುವುದಿಲ್ಲ.

ಈಗ ಚಿತ್ರ ಹುಟ್ಟಿಸುವ ಯಂತ್ರದ ವಿಚಾರ. 2014ರಲ್ಲಿ ಇಯಾನ್ ಗುಡ್‌ಫೆಲೋ ಮತ್ತು ಸಂಗಡಿಗರು ಮಂಡಿಸಿದ ಗ್ಯಾನ್ ಮಾದರಿಗಳು, ಎಂದರೆ ಒಂದು ಜಾಲ ಚಿತ್ರ ಹುಟ್ಟಿಸಿ ಇನ್ನೊಂದು ಅದನ್ನು ಒರೆಗೆ ಹಚ್ಚುವ ಮಾದರಿಗಳು, ಕೆಲವು ವರ್ಷ ಈ ಕ್ಷೇತ್ರವನ್ನು ಆಳಿದವು. 2020ರ ನಂತರ ಡಿಫ್ಯೂಷನ್ ಮಾದರಿಗಳು ಮುಂದೆ ಬಂದವು. ಡಿಫ್ಯೂಷನ್ ಮಾದರಿಗೆ ಕಲಿಸುವಾಗ ಚಿತ್ರಗಳ ಮೇಲೆ ಹಂತಹಂತವಾಗಿ ಚುಕ್ಕೆಗಳ ಗದ್ದಲವನ್ನು ಸುರಿದು, ಆ ಗದ್ದಲವನ್ನು ಗುರುತಿಸುವುದನ್ನು ಅಭ್ಯಾಸ ಮಾಡಿಸುತ್ತಾರೆ. ಚಿತ್ರ ಬೇಕಾದಾಗ ಬರೀ ಗದ್ದಲದಿಂದ ಶುರುಮಾಡಿ, ನಾವು ಕೊಟ್ಟ ಬರಹದ ಸೂಚನೆಗೆ ತಕ್ಕಂತೆ ಅದನ್ನು ಸ್ವಲ್ಪಸ್ವಲ್ಪವೇ ಕಳೆಯುತ್ತ ಹೋದರೆ ಚಿತ್ರ ಮೂಡುತ್ತದೆ. 2022ರ ಆಗಸ್ಟ್ ತಿಂಗಳಲ್ಲಿ ಸಾರ್ವಜನಿಕವಾಗಿ ಬಿಡುಗಡೆಯಾದ ಸ್ಟೇಬಲ್ ಡಿಫ್ಯೂಷನ್ ಮಾದರಿಯನ್ನು ಕಲಾವಿದರು ತಮ್ಮ ಸ್ವಂತ ಕಂಪ್ಯೂಟರಿನಲ್ಲೇ ಓಡಿಸಬಹುದಾದ್ದರಿಂದ ಭಾವನೆ–ಚಿತ್ರದ ಯೋಜನೆಗಳು ಎಲ್ಲೆಡೆ ಚಿಗುರಿದವು.

ಸುಲಭದ ದಾರಿ ಹೀಗಿದೆ: ಸೆನ್ಸರಿನ ಅಂಕಿಗಳಿಂದ 'ದುಃಖ' ಎಂಬ ಹಣೆಪಟ್ಟಿ ತೆಗೆಯುವುದು, ಅದನ್ನು ಪ್ರಾಂಪ್ಟಿಗೆ, ಎಂದರೆ ಯಂತ್ರಕ್ಕೆ ಕೊಡುವ ಬರಹದ ಸೂಚನೆಗೆ, ಸೇರಿಸುವುದು, ಚಿತ್ರ ಪಡೆಯುವುದು. ಬರುವ ಚಿತ್ರ ಬಹುತೇಕ ನಿಮಗೆ ಮೊದಲೇ ಗೊತ್ತು. ಮಳೆ ಇಳಿಯುವ ಕಿಟಕಿ, ನೀಲಿ ಬೆಳಕು, ತಲೆ ತಗ್ಗಿಸಿದ ಒಂಟಿ ಹೆಂಗಸು. ಇದರಲ್ಲಿ ಯಂತ್ರದ ತಪ್ಪೇನೂ ಇಲ್ಲ. ಅದು ಕಲಿತ ಚಿತ್ರಗಳು ಬಂದದ್ದು ಜಾಲತಾಣಗಳಿಂದ ಬಾಚಿಕೊಂಡ ರಾಶಿಯಿಂದ. ಆ ರಾಶಿಯ ಒಂದು ದೊಡ್ಡ ಸಂಗ್ರಹವಾದ ಲಯಾನ್-5ಬಿಯಲ್ಲಿ ಸುಮಾರು 585 ಕೋಟಿ ಚಿತ್ರ–ಬರಹದ ಜೋಡಿಗಳಿದ್ದು, ಅವುಗಳಲ್ಲಿ ಸುಮಾರು 230 ಕೋಟಿ ಇಂಗ್ಲಿಷಿನವು. ಫೋಟೋ ಮಾರುವವರು ದುಃಖವೆಂದು ಬರೆದು ಮಾರಿದ್ದನ್ನೇ ಯಂತ್ರ ದುಃಖವೆಂದು ಕಲಿತಿದೆ. ಸ್ಟೇಬಲ್ ಡಿಫ್ಯೂಷನ್ನಿನ ಮೊದಲ ಆವೃತ್ತಿಗಳಲ್ಲಿ ಪ್ರಾಂಪ್ಟನ್ನು ಅರ್ಥೈಸುವ ಭಾಗ ಟೋಕನ್ ಎಂಬ 77 ಪದತುಣುಕುಗಳಷ್ಟನ್ನೇ ನುಂಗಬಲ್ಲದು. ಕನ್ನಡದ ಪ್ರತಿ ಅಕ್ಷರಚಿಹ್ನೆ ಕಂಪ್ಯೂಟರಿನ ಅಕ್ಷರಸಂಕೇತ ಕ್ರಮವಾದ ಯುಟಿಎಫ್-8ರಲ್ಲಿ 3 ಬೈಟುಗಳಾಗುವುದರಿಂದ ಕನ್ನಡದ ಒಂದು ಸಾಲು ಚೂರುಚೂರಾಗಿ ಒಡೆದು ಆ ಮಿತಿಯನ್ನು ಬೇಗನೆ ತುಂಬಿಬಿಡುತ್ತದೆ, ತುಂಬಿದರೂ ಯಂತ್ರಕ್ಕೆ ಏನೂ ತಿಳಿಯುವುದಿಲ್ಲ. ಹೊಸ ಮಾದರಿಗಳು ಇದರಲ್ಲಿ ಎಷ್ಟೋ ಸುಧಾರಿಸಿವೆ, ಆದರೂ ಚಿತ್ರಸ್ಮೃತಿಯ ಮೂಲ ರಾಶಿ ಪರಕೀಯವಾಗಿಯೇ ಉಳಿದಿದೆ.

ನಾವು ಕೆಲವರು ಸೇರಿ ರೂಪಿಸುತ್ತಿರುವ ಯೋಜನೆಯಲ್ಲಿ ಹಣೆಪಟ್ಟಿಯ ಈ ದಾರಿಯನ್ನು ಬಿಟ್ಟಿದ್ದೇವೆ. ಯಾವ ಭಾವನೆ ಎಂಬುದನ್ನು ಯಂತ್ರ ಊಹಿಸುವುದಿಲ್ಲ; ಕುಳಿತವರನ್ನೇ ಕೇಳುತ್ತೇವೆ. ಅವರು ತಮಗೆ ಬೇಕಾದ ಒಂದು ನೆನಪನ್ನು ತಮ್ಮದೇ ಮಾತಿನಲ್ಲಿ, ಧಾರವಾಡದ ಕನ್ನಡವಿರಲಿ, ಕುಂದಾಪುರದ್ದಿರಲಿ, ಹೇಳುತ್ತಾರೆ. ಹೇಳುತ್ತಿರುವಷ್ಟು ಹೊತ್ತು ಬೆರಳಿನ ಎರಡು ಸೆನ್ಸರುಗಳು ನಾಡಿಯನ್ನೂ ಚರ್ಮದ ವಾಹಕತೆಯನ್ನೂ ದಾಖಲಿಸುತ್ತಿರುತ್ತವೆ. ಏನನ್ನು ನೆನೆದರು ಎಂಬುದು ಮಾತಿನಿಂದ, ನೆನೆಯುವಾಗ ಮೈ ಎಲ್ಲಿ ಬೆಚ್ಚಿತು, ಎಲ್ಲಿ ಸಡಿಲವಾಯಿತು ಎಂಬುದು ಸೆನ್ಸರಿನಿಂದ ಬರುತ್ತದೆ. ಇವೆರಡೂ ಎಷ್ಟೋ ಸಲ ಒಂದಕ್ಕೊಂದು ಹೊಂದುವುದಿಲ್ಲ. ತಾತನ ಸಾವನ್ನು ಸಮನಾದ ದನಿಯಲ್ಲಿ ಹೇಳಿ ಮುಗಿಸಿದವರ ಮೈ, ಆ ದಿನ ಮನೆಗೆ ಬಂದ ಯಾರೋ ನೆಂಟರ ಹೆಸರು ಹೇಳುವಾಗ ಬೆಚ್ಚಬಹುದು. ಚಿತ್ರಕ್ಕೆ ನಿಜವಾದ ವಸ್ತು ಸಿಗುವುದು ಈ ಹೊಂದದಿರುವ ಜಾಗದಲ್ಲಿ ಎಂಬುದು ನನ್ನ ನಂಬಿಕೆ.

ಚಿತ್ರದ ಸಾಮಗ್ರಿಯ ವಿಷಯದಲ್ಲಿಯೂ ಒಂದು ಆಯ್ಕೆ ಮಾಡಿಕೊಂಡಿದ್ದೇವೆ. ದೊಡ್ಡ ಮಾದರಿಯೊಂದನ್ನು ಕೆಲವೇ ಚಿತ್ರಗಳಿಂದ ನಮ್ಮ ಕಡೆಗೆ ತಿರುಗಿಸಿಕೊಳ್ಳುವ ಲೋರಾ ಎಂಬ ವಿಧಾನವಿದೆ; 2021ರಲ್ಲಿ ಅದನ್ನು ಮೊದಲು ಮಂಡಿಸಿದ್ದು ಭಾಷೆಯ ಮಾದರಿಗಳಿಗಾಗಿ, ಚಿತ್ರದ ಮಾದರಿಗಳಿಗೆ ಅದು ಬಂದದ್ದು ಆಮೇಲೆ. ಅದಕ್ಕೆ ಕೋಟಿಗಟ್ಟಲೆ ಚಿತ್ರಗಳು ಬೇಡ, ಚೆನ್ನಾಗಿ ಆರಿಸಿದ ಕೆಲವು ಡಜನ್ ಸಾಕು. ಮುಖಗಳನ್ನೂ ಮನುಷ್ಯಾಕೃತಿಗಳನ್ನೂ ಬಿಟ್ಟು, ನಾವೇ ತೆಗೆದ ಮೇಲ್ಮೈಗಳ ಫೋಟೋಗಳನ್ನು ಕೊಡುತ್ತಿದ್ದೇವೆ: ಕರಾವಳಿಯ ಮುರಕಲ್ಲಿನ ಗೋಡೆ, ಸುಣ್ಣ ಎದ್ದ ಹಜಾರ, ಬತ್ತಿದ ಕೆರೆಯಂಗಳದ ಬಿರುಕು, ಅಡಕೆ ಒಣಹಾಕಿದ ಅಂಗಳ, ಮಳೆಗಾಲದ ಟಾರ್ಪಾಲು, ಗಾರೆಯ ನೆಲ. ಮಾತು ಈ ಮೇಲ್ಮೈಗಳಲ್ಲಿ ಯಾವುದು ಬರಬೇಕೆಂಬುದನ್ನು ತೀರ್ಮಾನಿಸುತ್ತದೆ. ಚರ್ಮದ ವಾಹಕತೆ ಏರಿದಾಗ ಮೇಲ್ಮೈಯ ಬಿರುಕು–ವಿವರಗಳು ಸಣ್ಣದಾಗುತ್ತ ದಟ್ಟವಾಗುತ್ತವೆ, ಇಳಿದಾಗ ದೊಡ್ಡದಾಗಿ ಹರಡಿಕೊಳ್ಳುತ್ತವೆ. ನಾಡಿಯ ಬಡಿತಗಳ ನಡುವಿನ ಅಂತರದ ಏರುಪೇರು ಎರಡು ಮೇಲ್ಮೈಗಳು ಎಷ್ಟು ಬೆರೆಯಬೇಕೆಂಬುದನ್ನು ಹೇಳುತ್ತದೆ. ಬಣ್ಣವನ್ನು ಮಾತ್ರ ಬೇಕೆಂದೇ ಸೆನ್ಸರಿಗೆ ಒಪ್ಪಿಸಿಲ್ಲ. ಬಣ್ಣ ಆಡಲು ಶುರುಮಾಡಿದ ಕೂಡಲೇ ನೋಡುವವರು ಕೆಂಪೆಂದರೆ ಸಿಟ್ಟು, ನೀಲಿಯೆಂದರೆ ದುಃಖ ಎಂದು ತಮ್ಮ ಮೇಲೆಯೇ ತೀರ್ಪು ಬರೆದುಕೊಳ್ಳತೊಡಗುತ್ತಾರೆ.

ಕಾಲದ ಸಮಸ್ಯೆ ಇನ್ನೊಂದಿದೆ. ಬೆವರಿನ ಸಂಕೇತವೇ ಒಂದೆರಡು ಸೆಕೆಂಡು ತಡ. ಡಿಫ್ಯೂಷನ್ ಮಾದರಿ ಸಾಮಾನ್ಯವಾಗಿ 20ರಿಂದ 50 ಹೆಜ್ಜೆಗಳಲ್ಲಿ ಗದ್ದಲ ಕಳೆಯುವುದರಿಂದ ಚಿತ್ರ ಇನ್ನೂ ತಡ. 2023ರ ಹೊತ್ತಿಗೆ ಒಂದರಿಂದ ನಾಲ್ಕು ಹೆಜ್ಜೆಗಳಲ್ಲೇ ಚಿತ್ರ ಕೊಡುವ ಮಾದರಿಗಳು ಬಂದು, ಚಿತ್ರ ದೇಹದೊಂದಿಗೆ ಹೆಚ್ಚುಕಡಿಮೆ ಕೂಡಿಯೇ ಚಲಿಸುವುದು ಸಾಧ್ಯವಾಗಿದೆ. ಆದರೆ ಸಾಧ್ಯವಾದದ್ದೆಲ್ಲ ಬೇಕಾದದ್ದಲ್ಲ. ತನ್ನ ಚಿತ್ರವನ್ನು ತಾನೇ ನೋಡುತ್ತ ಕುಳಿತವನ ದೇಹ ಚಿತ್ರಕ್ಕೂ ಪ್ರತಿಕ್ರಿಯಿಸುತ್ತದೆ: ಬಿರುಕು ದಟ್ಟವಾದದ್ದನ್ನು ಕಂಡು ಮೈ ಇನ್ನಷ್ಟು ಬೆಚ್ಚುತ್ತದೆ, ಬೆಚ್ಚಿದ್ದರಿಂದ ಬಿರುಕು ಇನ್ನಷ್ಟು ದಟ್ಟವಾಗುತ್ತದೆ, ಕೆಲವೇ ಕ್ಷಣಗಳಲ್ಲಿ ನೆನಪು ಎಲ್ಲೋ ಉಳಿದು ಯಂತ್ರ–ದೇಹಗಳ ಜಗಳ ಮಾತ್ರ ಪರದೆಯ ಮೇಲಿರುತ್ತದೆ. ಆದ್ದರಿಂದ ಹೇಳುವಷ್ಟು ಹೊತ್ತು ಪರದೆ ಖಾಲಿಯಿರುತ್ತದೆ. ನಾಡಿಗೆ ತಕ್ಕಂತೆ ಒಂದು ಸಣ್ಣ ದೀಪ ಮಾತ್ರ ಮಿಡಿಯುತ್ತದೆ, ಸೆನ್ಸರ್ ಸರಿಯಾಗಿ ಕೂತಿದೆಯೇ ಎಂದು ತಿಳಿಯಲು ನಮಗೂ ಅದು ಬೇಕು. ಮಾತು ಮುಗಿದ ಮೇಲೆ ಇಡೀ ಅವಧಿಯ ದಾಖಲೆಯಿಂದ ಎಡದಿಂದ ಬಲಕ್ಕೆ ಕಾಲ ಹರಿಯುವ ಒಂದೇ ಉದ್ದನೆಯ ಚಿತ್ರ ತಯಾರಾಗುತ್ತದೆ. ಅದರ ಕೆಳಗೆ ನಾಡಿ ಮತ್ತು ವಾಹಕತೆಯ ಮೂಲ ಗೆರೆಗಳನ್ನೂ ಅದೇ ಅಳತೆಯಲ್ಲಿ ಅಚ್ಚುಹಾಕುತ್ತೇವೆ. ಚಿತ್ರ ಎಲ್ಲಿಂದ ಬಂತೆಂದು ಬೆರಳಿಟ್ಟು ತೋರಿಸಲು ಬರಬೇಕು, ಅಷ್ಟೇ.

ಕಾನೂನಿನ ಬಗ್ಗೆ ಎರಡು ಮಾತು. ಐರೋಪ್ಯ ಒಕ್ಕೂಟದ 2024ರ ಕೃತಕ ಬುದ್ಧಿಮತ್ತೆಯ ಶಾಸನವು ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಬಿಟ್ಟು, ಕೆಲಸದ ಜಾಗದಲ್ಲಿಯೂ ಶಿಕ್ಷಣಸಂಸ್ಥೆಗಳಲ್ಲಿಯೂ ಜನರ ಭಾವನೆಯನ್ನು ಯಂತ್ರದಿಂದ ಊಹಿಸುವುದನ್ನು ನಿಷೇಧಿಸಿದೆ. ಈ ನಿಷೇಧ 2025ರ ಫೆಬ್ರವರಿ 2ರಿಂದ ಜಾರಿಯಲ್ಲಿದೆ. ಇಂಥ ವ್ಯವಸ್ಥೆಗಳ ವೈಜ್ಞಾನಿಕ ತಳಹದಿಯ ಬಗೆಗೇ ಗಂಭೀರ ಸಂಶಯಗಳಿವೆ ಎಂದು ಆ ಶಾಸನದ ಪೀಠಿಕೆ ಹೇಳುತ್ತದೆ. ಕಲಾಪ್ರದರ್ಶನ ಆ ನಿಷೇಧದೊಳಗೆ ಬರುವುದಿಲ್ಲ ಎಂದು ನಿರಾಳವಾಗುವ ಮೊದಲು ಒಂದು ಸಂಗತಿಯನ್ನು ಯೋಚಿಸಬೇಕು. ಕಾರ್ಖಾನೆಯಲ್ಲಿ ಒಪ್ಪದ ಜನ ಗ್ಯಾಲರಿಯಲ್ಲಿ ನಗುತ್ತ ಬೆರಳು ಕೊಡುತ್ತಾರೆ, ಮತ್ತು ಇಲ್ಲಿ ರೂಢಿಯಾದದ್ದು ನಾಳೆ ಅಲ್ಲಿಗೂ ಹೋಗುತ್ತದೆ. ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸ್ಪಷ್ಟವಾದ, ಹಿಂತೆಗೆದುಕೊಳ್ಳಬಹುದಾದ ಒಪ್ಪಿಗೆಯನ್ನು ಕೇಳುತ್ತದೆ. ನಾವು ಒಪ್ಪಿಗೆಪತ್ರವನ್ನು ಕನ್ನಡದಲ್ಲಿ ಒಂದೇ ಪುಟಕ್ಕೆ ಮುಗಿಸಿದ್ದೇವೆ. ಧ್ವನಿಮುದ್ರಣವನ್ನು ಚಿತ್ರ ತಯಾರಾದ ಕೂಡಲೇ ಅಳಿಸುತ್ತೇವೆ. ಕಂಪ್ಯೂಟರನ್ನು ಇಂಟರ್ನೆಟ್ಟಿಗೆ ಜೋಡಿಸುವುದಿಲ್ಲ. ಯಾರ ಚಿತ್ರದ ಬಗ್ಗೆಯೂ ಅವರ ಆರೋಗ್ಯದ, ಸ್ವಭಾವದ ಮಾತನ್ನು ನಮ್ಮವರು ಯಾರೂ ಆಡಕೂಡದೆಂಬ ನಿಯಮವೂ ಇದೆ, ಏಕೆಂದರೆ ಬಂದವರು ಮೊದಲು ಕೇಳುವ ಪ್ರಶ್ನೆಯೇ 'ನನ್ನದು ಹೀಗೇಕೆ ಬಂತು, ಏನಾದರೂ ತೊಂದರೆಯೇ' ಎಂಬುದು.

ಕೊನೆಯದಾಗಿ, ಇಂಥ ಚಿತ್ರ ಯಾರದು ಎಂಬ ಪ್ರಶ್ನೆ. ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 2025ರ ಮಾರ್ಚ್‌ನಲ್ಲಿ, ಯಂತ್ರವೇ ಕರ್ತೃವೆಂದು ನಮೂದಿಸಿದ ಚಿತ್ರಕ್ಕೆ ಕೃತಿಸ್ವಾಮ್ಯವಿಲ್ಲ, ಕರ್ತೃ ಮನುಷ್ಯನಾಗಿರಬೇಕು ಎಂಬ ತೀರ್ಪನ್ನು ಎತ್ತಿಹಿಡಿಯಿತು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರ ತಿದ್ದುಪಡಿಯಲ್ಲಿ ಸೇರಿದ ಮಾತಿನ ಪ್ರಕಾರ ಕಂಪ್ಯೂಟರಿನಿಂದ ಹುಟ್ಟಿದ ಕೃತಿಗೆ, ಆ ಕೃತಿ ಹುಟ್ಟಲು ಕಾರಣನಾದ ವ್ಯಕ್ತಿಯೇ ಕರ್ತೃ. ನಮ್ಮ ಸಂದರ್ಭದಲ್ಲಿ ಕಾರಣರು ಯಾರು? ಸೆನ್ಸರಿನಿಂದ ಚಿತ್ರದವರೆಗಿನ ನಿಯಮ ಬರೆದ ನಾವೇ, ನೆನಪನ್ನೂ ಬೆವರನ್ನೂ ಕೊಟ್ಟ ಅವರೇ, ಮುರಕಲ್ಲಿನ ಫೋಟೋ ತೆಗೆದ ಗೆಳತಿಯೇ? ನ್ಯಾಯಾಲಯ ಹೇಳುವವರೆಗೆ ಕಾಯದೆ ನಾವು ಒಪ್ಪಿಗೆಪತ್ರದಲ್ಲೇ ಇದನ್ನು ಬರೆದಿಟ್ಟಿದ್ದೇವೆ. ಜೋಡಿಸುವ ನಿಯಮಗಳು ಮತ್ತು ಪ್ರೋಗ್ರಾಂ ನಮ್ಮವು, ಯಾರು ಬೇಕಾದರೂ ನೋಡಿ ತಿದ್ದಿ ಬಳಸಿಕೊಳ್ಳಬಹುದು. ಅಚ್ಚಾದ ಚಿತ್ರ ಕುಳಿತವರದು, ಅದರ ಪ್ರತಿಯನ್ನು ಅವರ ಅನುಮತಿಯಿಲ್ಲದೆ ಗೋಡೆಗೆ ಹಾಕುವುದಿಲ್ಲ. ಬೇಡವೆಂದು ಬಿಟ್ಟುಹೋದರೆ ಹರಿದುಹಾಕುತ್ತೇವೆ. ಹೀಗಾಗಿ ನಮ್ಮ ಪ್ರದರ್ಶನದ ಗೋಡೆಗಳಲ್ಲಿ ಕೆಲವು ಚೌಕಟ್ಟುಗಳು ಖಾಲಿಯಿರುತ್ತವೆ, ಅವುಗಳ ಕೆಳಗೆ ನಿಯಮದ ಪಟ್ಟಿ ಮಾತ್ರ ತೂಗುತ್ತಿರುತ್ತದೆ. ಪ್ರಾಯೋಜಕರಿಗೆ ಇದನ್ನು ವಿವರಿಸುವುದು ಸುಲಭವಲ್ಲ.